ಕುಂಚಿಗೆಯ ಕೆಂಪು

ನನ್ನ ಮಗಳ ನಾಮಕರಣಕ್ಕೆಂದು ಅವ್ವ ಮುಲುಂಡಿನ ಅಣ್ಣನ ಮನೆಯಲ್ಲಿ ಕುಂಚಿಗೆ ಹೊಲಿದು ಬಾಂದ್ರಾದ ನಮ್ಮ ಮನೆಗೆ ತಂದಿದ್ದಳು. ತಲೆಯನ್ನು ಮುಚ್ಚಿ ಬೆನ್ನಿಗಿಳಿಯುವ ಕಡುಗೆಂಪು ಖಣದ ಉಡುಪು, ಅಂಚಿಗೆ ಗಾಜಿನ ಚೂರು, ಗದ್ದದಡಿ ಕಟ್ಟಲು ಕಸಿಯ ದಾರ. ನಮ್ಮ ಬೆಳಗಾವಿ ಕಡೆಯ ಕೂಸುಗಳು ತೊಟ್ಟಿಲೇರುವುದು ಅದನ್ನು ತೊಟ್ಟೇ.

ಆಗ ನಾನು ಮಕ್ಕಳ ಬಟ್ಟೆಯಲ್ಲಿರುವ ವಿಷದ ಬಗ್ಗೆ ಶಾಲೆಯಿಂದ ಶಾಲೆಗೆ ಹೋಗಿ ಮಾತನಾಡುತ್ತಿದ್ದೆ. ಯಾವ ಬಣ್ಣ ಬಳಸಿದೆವೆಂದು ತಿಳಿಸದ ತಯಾರಕರು, ಆ ಬಣ್ಣದ ನೀರನ್ನು ನಾಲೆಗೆ ಬಿಡುವವರು, ಅದನ್ನು ಬರಿಗೈಯಲ್ಲಿ ಕಲಸುವ ಕಾರ್ಮಿಕರಿಗೆ ಕೈಗವಸನ್ನೂ ಕೊಡದ ಮಾಲೀಕರು: ಇವರ ಮೇಲಿನ ನನ್ನ ಸಿಟ್ಟು ನ್ಯಾಯವಾದದ್ದು. ಅದನ್ನು ಇಂದಿಗೂ ಹಿಂತೆಗೆದುಕೊಳ್ಳಲಾರೆ. ಅಂದು ಆ ಸಿಟ್ಟಿಗೆ ಸಿಕ್ಕವಳು ಮಾತ್ರ ಅವ್ವ.

ಬಿಳಿ ಅರಿವೆಯ ತುಂಡೊಂದನ್ನು ಒದ್ದೆ ಮಾಡಿ, ಬಂದವರೆಲ್ಲರ ಎದುರಿಗೆ ಕುಂಚಿಗೆಯ ಮೇಲೆ ಉಜ್ಜಿದೆ. ತುಂಡು ಕೆಂಪಾಯಿತು.

“ನೋಡವ್ವ, ಕೂಸು ಇದನ್ನ ಬಾಯಾಗ ಇಟ್ಕೊಂಡ್ರ?”

“ನೀನೂ ಇಂಥಾದ್ರಾಗ ಬೆಳದಾಕಿನ. ಅದರ ಕಸಿ ಚೀಪಿ ಚೀಪಿ ಹರದಿದ್ದಿ.”

“ಅದಕ್ಕ ಇಷ್ಟ್ ಮಾತ್ ಬಂದಾವ ನೋಡ್ರಿ,” ಎಂದಳು ಚಿಗವ್ವ. ಹೆಂಗಸರೆಲ್ಲ ನಕ್ಕರು.

ನಾನು ನಗಲಿಲ್ಲ. ಬಣ್ಣ ಕಾಣದ ಹತ್ತಿಯ ಅಂಗಿ ತೊಡಿಸಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದೆ. ಅವ್ವ ಕುಂಚಿಗೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಮುಂದೊಮ್ಮೆ ಫೋನಿನಲ್ಲಿ, “ಆ ಬಿಳಿ ಅರಿವಿ ಎಷ್ಟೊತ್ತು ತಿಕ್ಕಬೇಕವಾ?” ಎಂದು ಕೇಳಿದಳು. ನನ್ನ ಕೆಲಸ ಅವಳಿಗೂ ಹಿಡಿಸಿತೆಂದುಕೊಂಡು ಉದ್ದವಾಗಿ ವಿವರಿಸಿದೆ.

ಈ ವರ್ಷ ಅವ್ವ ಪರೇಲಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಣ್ಣನ ಮನೆಯ ಅವಳ ಕಪಾಟಿನಲ್ಲಿ ಆ ಕುಂಚಿಗೆ ಇತ್ತು. ತೊಳೆದು ತೊಳೆದು ಮಾಸಲು ಗುಲಾಬಿಯಾಗಿತ್ತು; ಗಾಜು ಬಿಚ್ಚಿದಲ್ಲಿ ಸೂಜಿಯ ತೂತುಗಳಷ್ಟೇ ಉಳಿದಿದ್ದವು. ಜೊತೆಗೆ ಬಿಳಿ ಅರಿವೆಯ ತುಂಡುಗಳದೊಂದು ಕಟ್ಟು. ಮೇಲಿನದು ಕೆಂಪು, ಅದರ ಕೆಳಗಿನವು ಒಂದಕ್ಕಿಂತ ಒಂದು ತಿಳಿ. ಕೊನೆಯದರಲ್ಲಿ ಕಲೆಯೇ ಇರಲಿಲ್ಲ.

“ಉಪ್ಪುನೀರಾಗ ನೆನಸೂದು, ಖಿಡಕಿಗೆ ಒಣಹಾಕೂದು, ಮತ್ತ ತಿಕ್ಕಿ ನೋಡೂದು,” ಎಂದಳು ಅತ್ತಿಗೆ. “ಬಣ್ಣ ಬಿಡೂದು ನಿಂತ ಮ್ಯಾಲೆ ಒಯ್ತೀನಿ ಅಂತಿದ್ರು. ನಿಲ್ಲೂದ್ರಾಗ ಕೂಸು ಓಡ್ಯಾಡಾಕ ಹತ್ತಿತ್ತು.”

“ನನಗ ಹೇಳಬಾರದಿತ್ತಾ, ವೈನಿ?”

“ಬ್ಯಾಡ, ಆಕಿ ಮನಸಿಗೆ ಹಚ್ಕೋತಾಳ ಅಂದ್ರು.”

ಬಣ್ಣ ಬಿಟ್ಟದ್ದು ನಿಜ. ಆದರೆ ಅಂದೇ ನಾನು ‘ಬಾರವ್ವ, ಇಬ್ಬರೂ ಕೂಡಿ ತೊಳೆಯೋಣ’ ಎನ್ನಬಹುದಿತ್ತು. ತಯಾರಕರ ತಪ್ಪಿಗೆ, ಹೊಲಿದವಳನ್ನು ಎಲ್ಲರ ಮುಂದೆ ನಿಲ್ಲಿಸಿದೆ.

ನಾಲ್ಕು ವರ್ಷದ ಮಗಳು ಕುಂಚಿಗೆಯನ್ನು ಕಸಿದುಕೊಂಡು ತಲೆಗೇರಿಸಿದಳು. ಅದು ಕಿವಿಯವರೆಗೂ ಇಳಿಯಲಿಲ್ಲ. ಜೋತಾಡುವ ಕಸಿಯನ್ನು ಬಾಯಿಗಿಟ್ಟು ಚೀಪತೊಡಗಿದಳು.

ನಾನು ಬಿಡಿಸಲಿಲ್ಲ.