ಏಣಿ ಹೊತ್ತವನ ಪರವಾಗಿ

ಮೊನ್ನೆ ದರ್ಬೆಯ ಹೋಟೆಲಿನಲ್ಲಿ ಬನ್ಸಿಗೆ ಕಾಯುತ್ತ ಮೊಬೈಲು ಉಜ್ಜುತ್ತಿದ್ದೆ. ಹಳೆಯ ಕಾಲದ ಬ್ರಿಟಿಷ್ ಮೂಕಿ ಹಾಸ್ಯಚಿತ್ರವೊಂದು ಓಡತೊಡಗಿತು. ದಪ್ಪ ಮೀಸೆಯವನೊಬ್ಬ ಏಣಿ ಹೊತ್ತು ಓಡುತ್ತಾನೆ. ಅವನ ಹಿಂದೆ ಪೊಲೀಸು, ಪೊಲೀಸಿನ ಹಿಂದೆ ಬ್ರೆಡ್ಡು ಮಾರುವವ, ಅವನ ಹಿಂದೆ ಮಗುವಿನ ಗಾಡಿ ತಳ್ಳುವ ಹೆಂಗಸು. ಬನ್ಸು ಬಂದದ್ದೇ ಗೊತ್ತಾಗಲಿಲ್ಲ. ನಂಬುತ್ತೀರೋ ಇಲ್ಲವೋ, ಈ ಮೀಸೆಯವನ ಗತಿ ಏನಾಯಿತೆಂದು ತಿಳಿಯಲು ನಾನು ನಲವತ್ತು ವರ್ಷ ಕಾದಿದ್ದೇನೆ.

ಐವರ್ನಾಡಿನ ನಮ್ಮ ದೊಡ್ಡಪ್ಪ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕೂತಲ್ಲೇ, ಬರೀ ಮಾತಿನಲ್ಲಿ ದೇವನೋ ದಾನವನೋ ಆಗುವವರು. ನಾನು ಶಾಲೆಗೆ ಹೋಗುತ್ತಿದ್ದಾಗ ಅವರು ಎಲ್ಲಿಂದಲೋ ಕೈಯಲ್ಲಿ ತಿರುಗಿಸುವ ಪ್ರೊಜೆಕ್ಟರನ್ನೂ ಇದೇ ಚಿತ್ರದ ಒಂದು ಸುರುಳಿಯನ್ನೂ ತಂದರು. ಮನೆಮಂದಿಯೆಲ್ಲ ಗೋಡೆಯ ಮುಂದೆ ಕೂತೆವು. ಚಿತ್ರದಲ್ಲಿ ಯಾರೂ ಮಾತಾಡುವುದಿಲ್ಲ ಎಂಬುದನ್ನು ದೊಡ್ಡಪ್ಪನಿಗೆ ಸಹಿಸಲಾಗಲಿಲ್ಲ.

"ಪಾಪ, ಅವನ ಪರವಾಗಿ ಹೇಳ್ಲಿಕ್ಕೆ ಒಬ್ಬ ಬೇಡ್ವಾ ಮಾರಾಯ್ರೆ?" ಎಂದವರೇ ಹಿಡಿ ತಿರುಗಿಸುತ್ತಲೇ ಅರ್ಥ ಹೇಳಲು ತೊಡಗಿದರು. "ಎಲೈ ಆರಕ್ಷಕನೇ, ಏಣಿ ಯಾರದ್ದು? ಮಾಡಿಸಿದವನದ್ದೋ, ಏರುವವನದ್ದೋ?" ವಾದ ರಂಗೇರಿತು, ಕೈ ನಿಂತಿತು. ಬಲ್ಬಿನ ಬಿಸಿಗೆ ಸುರುಳಿ ಸುಟ್ಟು ಕಮಟು ವಾಸನೆ ಬಂತು. ಕೊನೆಯ ಭಾಗ ಹಾಗೆ ಹೋಯಿತು, ಯಾರೂ ನೋಡಲಿಲ್ಲ.

"ಅವ ಕದ್ದದ್ದಾ ದೊಡ್ಡಪ್ಪ?" ಎಂದು ಎಷ್ಟು ವರ್ಷ ಕೇಳಿದೆನೋ.

"ಕದಿಯುದಾ? ಮುಖ ನೋಡಿದ್ರೆ ಗೊತ್ತಾಗುದಿಲ್ವಾ ನಿಂಗೆ? ಏಣಿ ಅವನದ್ದೇ." ಪ್ರತಿ ಸಲವೂ ಹೊಸ ಸಾಕ್ಷಿ ಹುಟ್ಟುತ್ತಿತ್ತು.

ಹೋಟೆಲಿನಲ್ಲಿ ಕೊನೆಯನ್ನು ನೋಡಿಯೇ ಬಿಟ್ಟೆ. ಕದ್ದದ್ದೇ! ಏಣಿಯ ಯಜಮಾನ ಬಂದು ಕಿತ್ತುಕೊಳ್ಳುತ್ತಾನೆ, ಮೀಸೆಯವ ಕೈಮುಗಿಯುತ್ತಾನೆ.

ದೊಡ್ಡಪ್ಪನಿಗೆ ಹೋದ ವರ್ಷ ಪಾರ್ಶ್ವವಾಯು ಬಡಿದು ಮಾತು ನಿಂತಿದೆ. ಮಾತೇ ಹೋದವರಿಗೆ ಅವರ ವಾದವೂ ಬಿದ್ದುಹೋಯಿತೆಂದು ತೋರಿಸುವುದೇ? ಹೆದರಿಕೆಯಾಯಿತು. ಆದರೆ ನನ್ನ ಹೊಟ್ಟೆಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆಯೇ ಐವರ್ನಾಡಿನ ಬಸ್ಸು ಹತ್ತಿದೆ.

ಮೊಬೈಲು ಮುಂದೆ ಹಿಡಿದೆ. ದೊಡ್ಡಪ್ಪ ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ, ಅವರು ನಗುತ್ತಿದ್ದರು. ಆಮೇಲೆ ಸ್ವಾಧೀನವಿರುವ ಕೈಯನ್ನು ಪ್ರೊಜೆಕ್ಟರಿನ ಹಿಡಿ ತಿರುಗಿಸುವಂತೆ ಗಾಳಿಯಲ್ಲಿ ತಿರುಗಿಸಿದರು. ಮತ್ತೆ ಹಾಕಬೇಕು. ನಾನು ಹಾಕಿದೊಡನೆ ನನ್ನ ಬಾಯಿಯತ್ತ ಬೆರಳು ತೋರಿಸಿ, ಪುನಃ ತಿರುಗಿಸತೊಡಗಿದರು.

ನಾಲ್ಕು ಜನರ ಎದುರು ವಂದನಾರ್ಪಣೆಗೂ ತಡವರಿಸುವ ಪ್ರಾಣಿ ನಾನು. ಗಂಟಲು ಸರಿಮಾಡಿಕೊಂಡೆ.

"ಎಲೈ ಆರಕ್ಷಕನೇ, ಏಣಿ ಕದ್ದದ್ದು ಹೌದು. ಆದರೆ..."

ಚಿತ್ರ ಮುಗಿದುಹೋಯಿತು, ನನ್ನ ಪೀಠಿಕೆಯೇ ಮುಗಿದಿರಲಿಲ್ಲ. ದೊಡ್ಡಪ್ಪನ ಕೈ ಮಾತ್ರ ಈ ಸಲ ನಿಲ್ಲಲಿಲ್ಲ.