ಮಲಗಿದ ಫ್ರಿಜ್ಜಿಗೆ ಕೀಲು ಹಾಕಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮವ್ವನ ಫ್ರಿಜ್ಜಿನ ಮೈಮೇಲಿರುವ ಹನ್ನೆರಡು ತೂತುಗಳನ್ನು ಕೊರೆದವನು ನಾನೇ. ಇಲಿಯಲ್ಲ, ತುಕ್ಕಲ್ಲ, ಗುಜರಿಯವನೂ ಅಲ್ಲ. ನೋಡಿದವರೆಲ್ಲ "ಯಾರಾದ್ರೂ ಗುಂಡು ಹಾರಿಸಿದ್ರೇನ್ರೀ?" ಎಂದು ಕೇಳುತ್ತಾರೆ. ಗುಂಡು ಹಾರಿಸುವವನಿಗಾದರೂ ಒಂದು ಗುರಿ ಇರುತ್ತದೆ.

ಫ್ರಿಜ್ಜು ಎಂದೆನಲ್ಲ, ಅದು ಸತ್ತು ಬಹಳ ಕಾಲವಾಗಿತ್ತು. ಚಳ್ಳಕೆರೆಯ ಗುಜರಿ ಅಂಗಡಿಯಿಂದ ತಂದು ನಮ್ಮ ಲಗೇಜ್ ಆಟೋದ ಹಿಂದೆ, ಬಲಗಡೆಯ ಕಂಬಿಗೆ ಒತ್ತಿ ಅಂಗಾತ ಮಲಗಿಸಿದ್ದೆವು. ಅದರ ಉಬ್ಬಿದ ಬುಡ ಹಿಂದಕ್ಕೆ ಬಂದರೆ ಮಾತ್ರ ಅಲ್ಲಿ ಕೂರುತ್ತಿತ್ತು, ತಿರುಗಿಸಿ ಇಡುವ ಹಾಗಿರಲಿಲ್ಲ. ಒಳಗೆ ಐಸ್ ಗಡ್ಡೆ, ಐಸಿನ ನಡುವೆ ಎರಡು ಕ್ಯಾನು ಮಜ್ಜಿಗೆ. ನಿಂತಿದ್ದಾಗ ಬಾಗಿಲಾಗಿದ್ದದ್ದು ಮಲಗಿದ ಮೇಲೆ ಮುಚ್ಚಳವಾಗಿತ್ತು. ಹಿಡಿ, ಕೀಲು ಎರಡೂ ಗುಜರಿಯಲ್ಲೇ ಕಳಚಿಹೋಗಿದ್ದರಿಂದ ಯಾವ ಕಡೆಯಿಂದ ನೋಡಿದರೂ ಅದು ಒಂದೇ ತರಹದ ಬಿಳಿ ಹಲಗೆ.

ಬೇಸಿಗೆ ಬಂತೆಂದರೆ ವಾರಕ್ಕೆ ಮೂರು ದಿನ ನಾನು ಆಟೋ ಓಡಿಸುತ್ತಿದ್ದೆ, ಅವ್ವ ಹಿಂದೆ ಕೂತು ಮಜ್ಜಿಗೆ ಮಾರುತ್ತಿದ್ದಳು. ಬೆಳಿಗ್ಗೆ ಚಳ್ಳಕೆರೆ, ದಾರಿಯಲ್ಲಿ ತಳಕು, ಬಿ.ಜಿ. ಕೆರೆ, ಮಧ್ಯಾಹ್ನ ಮೂರಕ್ಕೆ ಮೊಳಕಾಲ್ಮೂರು. ಬಯಲಿನ ಗಾಳಿ ಹೊಕ್ಕು ಟಾರ್ಪಾಲು ಉಬ್ಬಿದಾಗ ಆಟೋ ಒಂದು ಮಗ್ಗುಲಿಗೆ ವಾಲುತ್ತಿತ್ತು. ಅದಕ್ಕೇ ನಾನು ಅದನ್ನು ಹಾಯಿದೋಣಿ ಎಂದು ಕರೆಯುತ್ತಿದ್ದೆ. ಸಮುದ್ರವನ್ನು ನಾನೂ ನೋಡಿಲ್ಲ, ಅವ್ವನೂ ನೋಡಿಲ್ಲ.

ಈ ದೋಣಿಯಲ್ಲಿ ಒಂದು ಕಾನೂನಿತ್ತು. ತೆಗೆದ ಮುಚ್ಚಳವನ್ನು ಇಡಲು ಜಾಗವಿಲ್ಲದ್ದರಿಂದ ಮಜ್ಜಿಗೆ ಕೇಳಿದವರೇ ಅದನ್ನು ಹಿಡಿದುಕೊಳ್ಳಬೇಕು. "ತಗಾ ಹಿಡ್ಕ" ಎಂದು ಅವ್ವ ಹಲಗೆಯನ್ನು ರಸ್ತೆಯ ಕಡೆ ನೂಕುತ್ತಿದ್ದಳು. ಕುರಿ ಕಾಯುವವನಾಗಲಿ, ಕಾಲೇಜಿನ ಮೇಷ್ಟ್ರಾಗಲಿ, ಎರಡೂ ಕೈಯಲ್ಲಿ ಮುಚ್ಚಳ ಎತ್ತಿಕೊಂಡು ನಿಲ್ಲಬೇಕು. ಕೈ ಎರಡೂ ಸಿಕ್ಕಿಬಿದ್ದ ಮನುಷ್ಯನಷ್ಟು ಒಳ್ಳೆಯ ಪ್ರೇಕ್ಷಕ ಬೇರೆ ಇಲ್ಲ. ನಾನು ಸ್ಟೇರಿಂಗ್ ಬಿಟ್ಟು ಇಳಿದು ಬಂದು ಅಣಕು ಶುರುಮಾಡುತ್ತಿದ್ದೆ: ಬಸ್ ಕಂಡಕ್ಟರ್ ಮೂಗಿನಲ್ಲಿ "ಹಿಂದೆ ಹೋಗ್ರಿ, ಹಿಂದೆ ಹೋಗ್ರಿ" ಅನ್ನುವುದು, ಮೈಕು ಕೈಗೆ ಸಿಕ್ಕರೆ ಬಿಡದ ಸಂಘದ ಅಧ್ಯಕ್ಷರು, ಕೊನೆಗೆ ಹುಡುಗಿಯರೆದುರು ಮಾತು ತೊದಲುವ ನಾನೇ. ಮುಚ್ಚಳ ಹಿಡಿದವನು ನಗುತ್ತಾ ನಡುಗುತ್ತಿದ್ದ, ಮುಚ್ಚಳವೂ ಅವನೊಡನೆ ನಡುಗುತ್ತಿತ್ತು. ಅವ್ವ ಮಾತ್ರ ಬಿಸಿಲನ್ನೂ ಐಸನ್ನೂ ಒಮ್ಮೆ ನೋಡಿ, ನನ್ನನ್ನು ಎರಡು ಸಲ ನೋಡುತ್ತಿದ್ದಳು.

ಮೊಳಕಾಲ್ಮೂರು ಅವ್ವನ ತವರು. ಅವಳಣ್ಣ, ಅಂದರೆ ನನ್ನ ಸೋದರಮಾವ, ಅಲ್ಲಿ ರೇಷ್ಮೆ ಸೀರೆ ನೇಯುತ್ತಾನೆ; ಆಂಧ್ರದ ಗಡಿಯವನಾದ್ದರಿಂದ ಮಾತಿನ ನಡುವೆ ತೆಲುಗು ನುಸುಳುತ್ತದೆ. ಮೂರು ಗಂಟೆಗೆ ಆ ಬೀದಿಯ ನೇಕಾರರೆಲ್ಲ ಮಗ್ಗದ ಗುಂಡಿಯಿಂದ ಎದ್ದು, ಕಾಲು ಜಾಡಿಸಿಕೊಂಡು ಅವ್ವನ ಮಜ್ಜಿಗೆಗೆ ಬರುತ್ತಿದ್ದರು. ಒಂದು ಬುಧವಾರ ಮಾವ ಮೊದಲ ಗುಟುಕು ಬಾಯಿಗೆ ಹಾಕಿಕೊಂಡವನು ಹಾಗೇ ಚರಂಡಿಗೆ ಉಗಿದ.

"ಏಮಿರಾ ಇದಿ? ಮಜ್ಜಿಗೆ ತಂದಿದೀಯೋ, ಬಾಣಂತಿ ಕಷಾಯ ತಂದಿದೀಯೋ?"

ಬೀದಿಯೆಲ್ಲ ನಕ್ಕಿತು. ಅವ್ವ ನಗಲಿಲ್ಲ. ವಾಪಸು ಬರುವಾಗ ಬಿ.ಜಿ. ಕೆರೆಯಲ್ಲಿ ಬಾಯಿ ಬಿಟ್ಟಳು: "ತವರಿಗೆ ಬಿಸಿ ಮಜ್ಜಿಗೆ ಹೊತ್ಕಂಡೋಗಿ ಅಣ್ಣನ ಕೈಲಿ ಉಗಿಸ್ಕಣಾಕೆ ನನಗೇನು ಗ್ರಾಚಾರ ಕೆಟ್ಟೈತಾ? ಬರೋ ಸೋಮವಾರ ಮೂರು ಗಂಟೆಗೆ ಐಸ್ ಉಳ್ದಿದ್ರೆ ಸರಿ. ಇಲ್ಲ ಅಂದ್ರೆ ಮೊಳಕಾಲ್ಮೂರು ಬಂದ್. ಚಳ್ಳಕೆರೆ ಬಸ್‌ಸ್ಟ್ಯಾಂಡಾಗೇ ಕುಂತ್ಕತೀನಿ."

ವಾರಕ್ಕೆ ಮೂರು ಸಲ ತವರು ನೋಡುವ ಭಾಗ್ಯ ಎಷ್ಟು ಹೆಣ್ಣುಮಕ್ಕಳಿಗಿದೆ? ಅದು ಹೋಗುತ್ತದೆ ಎಂದಾಗ ಅವಳ ದನಿ ಸ್ವಲ್ಪ ಒಡೆಯಿತು. ಯಾರ ದನಿಯನ್ನಾದರೂ ತೆಗೆಯುವ ನಾನು ಅದೊಂದನ್ನು ಇವತ್ತಿಗೂ ತೆಗೆದಿಲ್ಲ.

"ಮುಚ್ಚಳಕ್ಕೆ ಕೀಲು ಹಾಕಿದ್ರೆ ಆತು ಬಿಡವ್ವ" ಎಂದೆ. "ತೆಗಿ, ಬಗ್ಗಿಸು, ಮುಚ್ಚು. ಮೂರು ಎಣಿಸೋದ್ರೊಳಗೆ ಮುಗೀತೈತೆ."

ಮರುದಿನ ಚಳ್ಳಕೆರೆ ಪೇಟೆಯಲ್ಲಿ ಕಬ್ಬಿಣದಂಗಡಿಯ ಸಾಹೇಬರು "ಬಾಗಿಲಿಗೋ, ಕಿಟಕಿಗೋ?" ಎಂದರು. ಫ್ರಿಜ್ಜಿಗೆ ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಬಾಗಿಲಿಂದೇ ತಗೊಂಡೋಗು ಬೇಟಾ, ಗಟ್ಟಿ ಇರ್ತದೆ. ತಲೆ ಒಡೆದ್ರೂ ಕೀಲು ಮುರಿಯಲ್ಲ" ಎಂದರು. ಹೆಬ್ಬೆರಳು ಗಾತ್ರದ ಕೀಲುಗಳು, ಎರಡು.

ಫ್ರಿಜ್ಜನ್ನು ಅಂಗಳಕ್ಕಿಳಿಸಿದೆ. ಲೆಕ್ಕ ಸರಳವಾಗಿತ್ತು. ಗಿರಾಕಿಗಳು ನಿಲ್ಲುವುದು ಆಟೋದ ಎಡಕ್ಕೆ. ಕೀಲು ಬಲದಂಚಿಗೆ ಬಿದ್ದರೆ ಮುಚ್ಚಳ ಹಿಂದಕ್ಕೆ ವಾಲಿ ಕಂಬಿಗೆ ಒರಗುತ್ತದೆ, ಕುರ್ಚಿಯ ಬೆನ್ನಿನ ಹಾಗೆ. ಅಂಗಳದಲ್ಲಿ ಆ ಅಂಚು ಬೇವಿನ ಮರದ ಕಡೆಗಿತ್ತು. ಬೇವಿನ ಮರದ ಕಡೆ, ಬೇವಿನ ಮರದ ಕಡೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಅಷ್ಟರಲ್ಲಿ ಅವ್ವ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ನಮ್ಮಲ್ಲಿ ಕಬ್ಬಿಣ ಮುಟ್ಟಿಸುವ ಮುಂಚೆ ನೇಗಿಲಾಗಲಿ, ಬೈಕಾಗಲಿ, ಮುಖವನ್ನು ಪೂರ್ವಕ್ಕಿಟ್ಟು ಪೂಜೆ ಮಾಡಲೇಬೇಕು. ಸತ್ತ ಫ್ರಿಜ್ಜಿಗೂ ವಿನಾಯಿತಿ ಇಲ್ಲ. "ಮಲಗಿರೋದಕ್ಕೆ ತಲೇನೇ ಮುಖ. ಇದ್ರ ತಲೆ ಪಡುವಲಕ್ಕೈತಲ್ಲೋ, ತಿರುಗಿಸು" ಎಂದಳು. ಇಬ್ಬರೂ ಸೇರಿ ಪೂರಾ ಅರ್ಧ ಸುತ್ತು ತಿರುಗಿಸಿದೆವು. ಅವ್ವ ಊದುಬತ್ತಿ ಹಚ್ಚಿದಳು, ನಾನು ಪುರೋಹಿತರ ದನಿಯಲ್ಲಿ ಮಂತ್ರ ಹೇಳಿದೆ. ಹೇಳುವ ಹುಮ್ಮಸ್ಸಿನಲ್ಲಿ ಫ್ರಿಜ್ಜು ತಿರುಗಿದ್ದು ಮರೆತೆ. ಮಂತ್ರ ಮುಗಿಸಿ, ಬೇವಿನ ಮರದ ಕಡೆಗೇ ಹನ್ನೆರಡು ತೂತು ಕೊರೆದು ಕೀಲು ಬಿಗಿದೆ. ಬೇವಿನ ಮರ ತಿರುಗಿರಲಿಲ್ಲ, ಅದರದೇನೂ ತಪ್ಪಿಲ್ಲ.

ಶುಕ್ರವಾರ ತಳಕಿನಲ್ಲಿ ಅವ್ವ ಮುಚ್ಚಳ ಎತ್ತಿದಳು. ಅದು ರಸ್ತೆಯ ಕಡೆಗೆ ತೆರೆದುಕೊಂಡು, ಅವಳಿಗೂ ಗಿರಾಕಿಗೂ ನಡುವೆ ಬಿಳಿ ಗೋಡೆಯಾಗಿ ನಿಂತಿತು. ಬಿಟ್ಟರೆ ಗಿರಾಕಿಯ ಮೇಲೇ ಬೀಳುತ್ತದೆ. ಕೀಲು ಹಾಕಿದ ಮೇಲೂ ಹಿಡಿದುಕೊಳ್ಳುವುದು ತಪ್ಪಲಿಲ್ಲ.

"ಎಲ್ಲಿದೀಯವ್ವಾ?" ಎಂದು ಗೋಡೆಯಾಚೆಯಿಂದ ಕುರಿ ಕಾಯುವ ಮುದುಕ ಕೂಗಿದ.

"ಇಲ್ಲೇ ಐದೀನಪ್ಪಾ, ನನ್ ಮಗನ್ನ ಹುಡುಕ್ತಿದೀನಿ. ಕೈಗೆ ಸಿಗ್ಲಿ!"

ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಥೇಟ್ ಹಾಗಿತ್ತು. ಬುದ್ಧಿ ಇದ್ದವನು ಅಲ್ಲೇ ಕೀಲು ಬಿಚ್ಚುತ್ತಿದ್ದ. ನಾನು ಗಂಟಲೆತ್ತಿ "ಸುಮುಹೂರ್ತೇ ಸಾವಧಾನಾ" ಎಂದೆ. ಮುದುಕ ಬಿದ್ದು ಬಿದ್ದು ನಕ್ಕ, ಪಕ್ಕದ ಟೀ ಅಂಗಡಿಯವರೂ ಬಂದು ನಿಂತರು, ಅಂತರಪಟ ಇಳಿಯಲೇ ಇಲ್ಲ. ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ ದಾಟುವ ಹೊತ್ತಿಗೆ ಮಜ್ಜಿಗೆ ಕ್ಯಾನುಗಳು ನೀರಿನಲ್ಲಿ ತೇಲುತ್ತಿದ್ದವು. ದೋಣಿಯೊಳಗೊಂದು ಸಮುದ್ರ ಕೊನೆಗೂ ಬಂದಿತ್ತು.

ಮೊಳಕಾಲ್ಮೂರಿನಲ್ಲಿ ಮಾವ ಮಜ್ಜಿಗೆ ಮುಟ್ಟಲಿಲ್ಲ, ಮುಚ್ಚಳ ಮುಟ್ಟಿ ನೋಡಿದ. ಸಂದಿಗೆ ಬೆರಳು ತೂರಿಸಿದ, ಸಲೀಸಾಗಿ ಹೋಯಿತು.

"ಲೇ ಅಳಿಯಾ, ಇದು ಜೈಲು ಬಾಗ್ಲಿಗೆ ಹಾಕೋ ಕೀಲು ಕಣೋ. ಈ ಕೀಲಿನ ಗಂಟೇ ಮುಚ್ಚಳನ ಎತ್ತಿ ಹಿಡ್ದೈತೆ. ತಂಪೆಲ್ಲ ಇಲ್ಲೇ ಸೋರ್ತೈತೆ. ಚೂಡು, ನೋಡು!"

ಒಳಗೆ ಹೋಗಿ ಹಳೆಯ ಮಂಚದ ಅಗಲವಾದ ನವಾರು ಪಟ್ಟಿಯನ್ನು ತಂದ. ಎರಡು ಮಡಿಕೆ ಮಾಡಿ, ಸೀರೆಯ ಅಂಚು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಹೊಲಿದ. ನನ್ನ ಕೀಲುಗಳನ್ನು ಕಿತ್ತು, ಆ ಪಟ್ಟಿಯನ್ನು ಸರಿಯಾದ ಅಂಚಿನ ಉದ್ದಕ್ಕೂ ಸಣ್ಣ ಮೊಳೆ, ಬಿಲ್ಲೆ ಇಟ್ಟು ಬಿಗಿದ. ಫ್ರಿಜ್ಜಿನ ಬಾಯಿಯ ಸುತ್ತ ಚಳ್ಳಕೆರೆ ಕಂಬಳಿಯ ತುಂಡು ಅಂಟಿಸಿದ. ನನ್ನ ಹನ್ನೆರಡು ತೂತುಗಳಿಗೆ ಮೇಣ ತುಂಬುತ್ತಾ ಒಂದೊಂದಕ್ಕೂ ನನ್ನ ಮುಖ ನೋಡಿದ.

"ಬಟ್ಟೆಗೆ ಮಡಚೋದು ಗೊತ್ತೈತೆ. ಕಬ್ಬಿಣಕ್ಕೆ ಹೇಳಿಕೊಡಬೇಕು. ನಿನಗೆ ಹೇಳಿಕೊಟ್ರೂ ಬರಲ್ಲ."

ಮಾವನ ಪಟ್ಟಿಗೆ ಪರೀಕ್ಷೆ ಸೋಮವಾರ. ಅಷ್ಟರಲ್ಲಿ ನನಗೊಂದು ತಾಪತ್ರಯವಾಯಿತು. ಶುಕ್ರವಾರ ದಾರಿಯುದ್ದಕ್ಕೂ "ಸಾವಧಾನ" ಕೂಗಿದ್ದಕ್ಕೋ, ಹೇಗೂ ಕರಗುತ್ತಿದೆಯೆಂದು ಐಸ್ ಚೂರು ಕಡಿದಿದ್ದಕ್ಕೋ, ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಅಷ್ಟೇ. ಅವ್ವ ಮೆಣಸಿನ ಕಷಾಯ ಕುಡಿಸಿ ಸ್ಟೇರಿಂಗಿಗೆ ಕೂರಿಸಿದಳು. ತಳಕಿನಲ್ಲಿ ಕುರಿ ಕಾಯುವ ಮುದುಕ ಮಂತ್ರ ಕೇಳಲೆಂದೇ ಕಾದಿದ್ದ. ನಾನು ಕೈಸನ್ನೆ ಮಾಡಿದೆ. ಅವನು ಬೇಸರದಿಂದ ಮಜ್ಜಿಗೆ ಕುಡಿದು ಕುರಿಗಳ ಹಿಂದೆ ಹೋದ. ಬಿ.ಜಿ. ಕೆರೆಯಲ್ಲೂ ಅಷ್ಟೇ: ಬಂದರು, ಕುಡಿದರು, ಹೋದರು. ಮುಚ್ಚಳ ಕಂಬಿಗೆ ಒರಗುವುದು, ಮುಚ್ಚುವುದು, ಒರಗುವುದು, ಮುಚ್ಚುವುದು.

ಮೂರು ಗಂಟೆಗೆ ಮಾವನ ಬಾಗಿಲಲ್ಲಿ ಅವ್ವ ಮುಚ್ಚಳ ತೆಗೆದಳು. ತೆಂಗಿನಕಾಯಿ ಗಾತ್ರದ ಐಸ್ ಗಡ್ಡೆ ಇನ್ನೂ ಕೂತಿತ್ತು. ಮಾವ ಒಂದು ಗುಟುಕು ಕುಡಿದು ದವಡೆ ಹಿಡಿದುಕೊಂಡ. "ಅಬ್ಬಬ್ಬಾ, ಹಲ್ಲು ಜುಮ್ ಅಂತೈತೆ ತಂಗೀ!" ಎಂದ. ಅವ್ವನ ಮುಖ ಅರಳಿತು. ಕೇಳದೆಯೇ ಎರಡನೇ ಲೋಟ ತುಂಬಿದಳು.

ಮಾವ ಬೀದಿಗೆಲ್ಲ ಕೇಳುವಂತೆ ಶುರುಮಾಡಿದ: "ನೋಡಿದ್ರಾ, ಎಲ್ಲ ನನ್ ಪಟ್ಟಿದು!" ನನಗೆ ಸುಮ್ಮನಿರಲಾಗಲಿಲ್ಲ. ಉಳಿದಿದ್ದ ಗಾಳಿಯಲ್ಲೇ ಕೀರಲಿಟ್ಟೆ: "ಕೀಲು ಹಾಕೋ ಐಡಿಯಾ ನಂದು! ನಾನು ತೂತು ಹೊಡೀದೇ ಇದ್ದಿದ್ರೆ ನೀನು ಪಟ್ಟಿ ತರ್ತಿದ್ದೇನು ಮಾವಾ?" ಅವನು ಪಟ್ಟಿ ಎಂದ, ನಾನು ಕೀಲು ಎಂದೆ. ನೇಕಾರರು ಎರಡು ಪಕ್ಷವಾದರು. ಕೊನೆಗೆ ಎಲ್ಲರೂ ಅವ್ವನ ಕಡೆ ತಿರುಗಿ, ಐಸ್ ಉಳಿಸಿದ್ದು ಯಾವುದು, ನೀನೇ ಹೇಳು ಎಂದರು.

ಅವ್ವ ಮೊದಲು ಮುಚ್ಚಳ ಮುಚ್ಚಿದಳು. ಆಮೇಲೆ ಹೇಳಿದಳು:

"ಪಟ್ಟಿನೂ ಅಲ್ಲ, ಕೀಲೂ ಅಲ್ಲ. ಇವತ್ತು ಇವ್ನ ಗಂಟ್ಲು ಕಟ್ಟೈತೆ, ಅದ್ಕೆ ಐಸ್ ಉಳ್ದೈತೆ."