ಸುಣ್ಣದ ಕೆಳಗಿನ ಕಲ್ಲು

ಮೂವತ್ತು ವರ್ಷ ಬೀದರಿನಲ್ಲಿ ಇತಿಹಾಸ ಕಲಿಸಿದವನು ನಾನು. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಂದ ಬಂದದ್ದೇ ಕಡಿಮೆ. ಎಕಂಬಾ ಹತ್ತಿರದ ನಮ್ಮೂರಲ್ಲಿ ಒಂದು ಹಳೆಯ ಕಲ್ಲಿನ ಗುಡಿಯಿದೆ. ಒಳಗೆ ನಾಲ್ಕು ಜನ ಕೂತರೆ ಐದನೆಯವರು ಹೊರಗೇ ನಿಲ್ಲಬೇಕು. ಬಾಗಿಲ ಪಕ್ಕ ಎದೆಮಟ್ಟದ ಶಾಸನದ ಕಲ್ಲು. ಪ್ರತಿ ಶ್ರಾವಣಕ್ಕೆ ನಮ್ಮ ಮನೆಯ ಹೆಂಗಸರು ಗುಡಿಗೆ ಸುಣ್ಣ ಹಚ್ಚುವಾಗ ಆ ಕಲ್ಲಿಗೂ ಬಳಿಯುವುದು ರೂಢಿ. ಅಕ್ಷರ ಮುಚ್ಚಿ ಎಷ್ಟು ತಲೆಮಾರಾಯಿತೋ! ಅಣ್ಣನ ಹೆಂಡತಿ, ನಮ್ಮ ವೈನಿಯನ್ನು, ಇದೇ ವಿಷಯಕ್ಕೆ ರೇಗಿಸುತ್ತಲೇ ಇದ್ದೆ.

ಹೋದ ವರ್ಷ ಊರ ಹಿರಿಯರು ಗುಡಿ ಕೆಡವಿ ಟೈಲ್ಸ್ ಹಾಕಿದ ಹೊಸದು ಕಟ್ಟಲು ನಿರ್ಧರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. "ಕಲ್ಲಿನ್ಯಾಗ ಏನ್ ಬರ್ದದ ಅಂತ ಮೊದ್ಲ ಓದಿಸ್ತೇನಿ. ಆಮ್ಯಾಲ ನಿಮಗ ಬೇಕಾದ್ದು ಮಾಡ್ರಿ" ಎಂದೆ. ಎಂಟು ದಿನ ಕೊಟ್ಟರು.

ಮರುದಿನವೇ ತಂತಿ ಬ್ರಷ್ ಹಿಡಿದು ಕೂತೆ. ವೈನಿ ನೋಡಿ ಹೌಹಾರಿದರು.

"ಕಬ್ಬಿಣ ಹಚ್ಚಬ್ಯಾಡ್ರಿ. ಹಸಿ ಗೋಣಿತಟ್ಟು ಸುತ್ತಿ ಎರಡ್ ದಿನ ಬಿಡ್ರಿ. ಸುಣ್ಣ ತಾನೇ ಮೆತ್ತಗಾಗ್ತದ."

"ನೀವು ಬಳಿಯೋರು, ನಾವು ಓದೋರು" ಎಂದು ನಕ್ಕೆ.

ಮೇಲಿನ ನಾಲ್ಕು ಸಾಲಿನಷ್ಟು ಸುಣ್ಣ ಉದುರಿತು. ಕೆಳಗೆ ಒಂದಕ್ಷರವೂ ಇರಲಿಲ್ಲ. ಕಲ್ಲಿನ ಮೇಲ್ಪದರ ಎಂದೋ ಸಡಿಲವಾಗಿ ಸುಣ್ಣದ ಆಸರೆಯಲ್ಲೇ ನಿಂತಿತ್ತು. ಈಗ ಸುಣ್ಣದ ಜೊತೆಗೇ ಪುಡಿಯಾಗಿ ನನ್ನ ಕಾಲ ಬಳಿ ಬಿದ್ದಿತ್ತು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಉಳಿದದ್ದನ್ನು ವೈನಿಯೇ ಮಾಡಿದರು. ಹಸಿ ಗೋಣಿತಟ್ಟು, ಬಿದಿರಿನ ಸೀಳು, ಐದು ದಿನದ ತಾಳ್ಮೆ. ನನಗೆ ನೀರು ಹೊರುವ ಕೆಲಸ ಮಾತ್ರ ಕೊಟ್ಟರು. ಒಂದೊಂದೇ ಅಕ್ಷರ ಎದ್ದು ಬಂತು.

ಎಂಟನೆಯ ದಿನ, ಶಾಸನ ಓದಬಲ್ಲ ನನ್ನ ಗೆಳೆಯ ಬೀದರಿನಿಂದ ಬಂದ. ಹಿರಿಯರೆಲ್ಲ ಕೂಡಿದ್ದರು. ಗುಡಿಯ ದೀಪದ ಎಣ್ಣೆಗೆಂದು ಯಾರೋ ಭೂಮಿ ಬಿಟ್ಟದ್ದನ್ನೂ, ಈ ದಾನಧರ್ಮವನ್ನು ಅಳಿಸಿದವರಿಗೆ ಗೋಹತ್ಯೆಯ ಪಾಪ ತಟ್ಟುತ್ತದೆ ಎಂದಿರುವುದನ್ನೂ ಓದಿ ಹೇಳಿದ. ಹಿರಿಯರು ಮುಖ ಮುಖ ನೋಡಿಕೊಂಡರು. ಕೆಡವುವ ಮಾತು ಅಲ್ಲಿಗೇ ನಿಂತಿತು. ಗುಡಿ ಉಳಿಯಿತು, ನನ್ನ ಹಟ ಗೆದ್ದಿತ್ತು.

ಆಗ ಹಿರಿಯರೊಬ್ಬರು ಕೇಳಿದರು, "ಭೂಮಿ ಬಿಟ್ಟೋರ ಹೆಸರೇನ್ರಿ ಸರ?"

ಗೆಳೆಯ ಮೇಲಿನ ಬರಿದಾದ ಭಾಗದ ಮೇಲೆ ಬೆರಳಿಟ್ಟ. "ಇಲ್ಲಿ ಇದ್ದಿರಬೇಕ್ರಿ."

ವೈನಿ ಬಗ್ಗಿ ಗೋಣಿತಟ್ಟು ಮಡಚತೊಡಗಿದರು. ನಾನೇ ಎದ್ದು ನಿಂತೆ.

"ನೂರಾರು ವರ್ಷ ಇತ್ರಿ" ಎಂದೆ. "ಮೊನ್ನಿ ನಾ ಅಳಿಸಿದೆ."